ಆಕಾಶಗಂಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ರಾತ್ರಿ ಆಕಾಶ ತೋರಿಸಲು ನಿಂತಾಗಲೂ, ಆಮೇಲೆ ಬರುವ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇನೆ. ಇವುಗಳಲ್ಲಿ ಹೆಚ್ಚಿನವು ಹುಟ್ಟುವುದು ಒಂದೇ ಕಡೆಯಿಂದ: ನಾವು ಯಾವುದನ್ನು ನೋಡುತ್ತಿದ್ದೇವೋ ಅದರ ಒಳಗೇ ನಿಂತಿದ್ದೇವೆ. ಮನೆಯೊಳಗೇ ಹುಟ್ಟಿ, ಒಂದು ಸಲವೂ ಹೊಸ್ತಿಲು ದಾಟದವರು ಆ ಮನೆಯ ನಕ್ಷೆ ಬರೆಯಲು ಕೂತಂತೆ.

## ಮೊದಲ ಪ್ರಶ್ನೆಗಳು

ಆಕಾಶಗಂಗೆ, ಕ್ಷೀರಪಥ, ಹಾಲುಹಾದಿ ಎಲ್ಲಾ ಒಂದೇನಾ?

ಒಂದೇ. ಆದರೆ ಈ ಹೆಸರುಗಳನ್ನು ನಾವು ಎರಡು ಅರ್ಥದಲ್ಲಿ ಬಳಸುತ್ತೇವೆ, ಗಲಿಬಿಲಿಯಾಗುವುದು ಅಲ್ಲೇ. ಕತ್ತಲ ರಾತ್ರಿಯಲ್ಲಿ ಆಕಾಶದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಾಯುವ ಮಸುಕು ಬೆಳಕಿನ ಪಟ್ಟಿಗೂ ಇದೇ ಹೆಸರು. ಸೂರ್ಯನೂ ಸೇರಿದಂತೆ ಸಾವಿರಾರು ಕೋಟಿ ನಕ್ಷತ್ರಗಳಿರುವ ನಮ್ಮ ಗೆಲಾಕ್ಸಿಗೂ ಇದೇ ಹೆಸರು. ಮೊದಲನೆಯದು ನೋಟ, ಎರಡನೆಯದು ವಸ್ತು. ಗೆಲಾಕ್ಸಿ ಎಂಬ ಪದವೂ ಹಾಲು ಎಂಬ ಅರ್ಥದ ಗ್ರೀಕ್ ಪದದಿಂದಲೇ ಬಂದದ್ದು. ನದಿ ಕಂಡವರು ನದಿ ಅಂದರು, ಹಾಲು ಕಂಡವರು ಹಾಲು ಅಂದರು.

ನಾವು ಅದರ ಒಳಗೇ ಇದ್ದರೆ, ಅದು ದೂರದಲ್ಲಿ ಪಟ್ಟಿಯ ಹಾಗೆ ಯಾಕೆ ಕಾಣುತ್ತೆ?

ನಮ್ಮ ಗೆಲಾಕ್ಸಿಯ ಮುಖ್ಯ ಭಾಗ ಚಪ್ಪಟೆ ತಟ್ಟೆಯಂತಿದೆ. ಅಗಲ ಸುಮಾರು 1 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ), ನಕ್ಷತ್ರಗಳು ಒತ್ತಾಗಿರುವ ಪದರದ ದಪ್ಪ ಸುಮಾರು 1,000 ಜ್ಯೋತಿರ್ವರ್ಷ. ಆ ಪದರದ ಒಳಗೆ, ಬಹುತೇಕ ನಡು ಮಟ್ಟದಲ್ಲಿ, ನಾವಿದ್ದೇವೆ.

ಆಳೆತ್ತರಕ್ಕಿಂತ ತುಸು ಮೇಲಕ್ಕೆ ಮಾತ್ರ ಮಂಜು ಹರಡಿದ ಬಯಲಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ತಲೆಯೆತ್ತಿದರೆ ಮಂಜು ತೆಳು, ಆಕಾಶ ಕಾಣುತ್ತದೆ. ನೇರ ಮುಂದೆ ನೋಡಿದರೆ ಯಾವ ದಿಕ್ಕಿಗೆ ತಿರುಗಿದರೂ ಬಿಳಿ ಗೋಡೆ. ಗೋಡೆ ಎಂಬುದು ನಿಜಕ್ಕೂ ಅಲ್ಲಿಲ್ಲ. ನೋಟದ ಹಾದಿಯಲ್ಲಿ ಮಂಜು ಹೆಚ್ಚಿದೆ, ಅಷ್ಟೆ. ತಟ್ಟೆಯ ಉದ್ದಕ್ಕೆ ನೋಡಿದಾಗ ನಕ್ಷತ್ರದ ಹಿಂದೆ ನಕ್ಷತ್ರ ಸೇರಿ ಬೆಳಕಿನ ಪಟ್ಟಿಯಾಗುತ್ತದೆ. ತಟ್ಟೆಯಿಂದ ಹೊರಕ್ಕೆ ನೋಡಿದಾಗ ಬಿಡಿ ಚುಕ್ಕೆಗಳಷ್ಟೇ. ಈ ಪಟ್ಟಿ ಭೂಮಿಯನ್ನು ಪೂರ್ತಿ ಬಳಸಿ ಉಂಗುರವಾಗಿದೆ. ಒಂದು ಸಲಕ್ಕೆ ನಮಗೆ ಅರ್ಧ ಉಂಗುರ ಮಾತ್ರ ಕಾಣುತ್ತದೆ.

ರಾತ್ರಿ ಕಾಣೋ ನಕ್ಷತ್ರಗಳಲ್ಲಿ ಯಾವುವು ಆಕಾಶಗಂಗೆಗೆ ಸೇರಿದವು?

ಎಲ್ಲವೂ. ಪಟ್ಟಿಯಿಂದ ದೂರ, ಖಾಲಿ ಆಕಾಶದಲ್ಲಿ ಒಂಟಿಯಾಗಿ ಹೊಳೆಯುವುದು ಕೂಡ. ಬರಿಗಣ್ಣಿಗೆ ಬಿಡಿಯಾಗಿ ಕಾಣುವ ನಕ್ಷತ್ರಗಳೆಲ್ಲ ನಮ್ಮ ಅಕ್ಕಪಕ್ಕದವೇ, ಬಹುಪಾಲು ಕೆಲವು ಸಾವಿರ ಜ್ಯೋತಿರ್ವರ್ಷಗಳ ಒಳಗಿನವು. ಒಳ್ಳೆಯ ಕತ್ತಲಲ್ಲಿ ಒಮ್ಮೆಗೆ ಎರಡೂವರೆ ಮೂರು ಸಾವಿರ ಕಾಣಬಹುದು. ಪಟ್ಟಿಯ ಬೆಳಕು ಕೊಡುವುದು ಇವಲ್ಲ, ಬಿಡಿಬಿಡಿಯಾಗಿ ಗುರುತಿಸಲಾಗದ ದೂರದ ಕೋಟ್ಯಂತರ ನಕ್ಷತ್ರಗಳು. ಇದನ್ನು ಮೊದಲು ಕಣ್ಣಾರೆ ಕಂಡು ಬರೆದವನು ಗೆಲಿಲಿಯೊ, 1610ರಲ್ಲಿ.

ಲಕ್ಷ ಜ್ಯೋತಿರ್ವರ್ಷ ಅಂದ್ರೆ ತಲೆಗೇ ಹೋಗಲ್ಲ. ಬೇರೆ ಥರ ಹೇಳಿ.

ಭೂಮಿಗೂ ಸೂರ್ಯನಿಗೂ ನಡುವಿನ 15 ಕೋಟಿ ಕಿಲೋಮೀಟರನ್ನು ಒಂದು ಮಿಲಿಮೀಟರಿಗೆ ಇಳಿಸಿ. ಆಗ ನೆಪ್ಚೂನ್ ಸೂರ್ಯನಿಂದ 3 ಸೆಂಟಿಮೀಟರ್ ದೂರದಲ್ಲಿರುತ್ತದೆ; ಗ್ರಹಗಳೆಲ್ಲ ಅಂಗೈಯಲ್ಲಿ ಹಿಡಿಸುತ್ತವೆ. ಸೂರ್ಯನೇ ಮಿಲಿಮೀಟರಿನ ನೂರನೇ ಒಂದು ಭಾಗ, ಕಣ್ಣಿಗೆ ಕಾಣದ ಧೂಳಿನ ಕಣ. ಅತಿ ಹತ್ತಿರದ ಇನ್ನೊಂದು ನಕ್ಷತ್ರ 268 ಮೀಟರ್ ಆಚೆಗೆ. ಗೆಲಾಕ್ಸಿ ಮಾತ್ರ ಈ ಅಳತೆಯಲ್ಲೂ ಸುಮಾರು 6,300 ಕಿಲೋಮೀಟರ್ ಅಗಲ, ಅಂದರೆ ಭೂಮಿಯ ಅರ್ಧ ವ್ಯಾಸ. ಅದರಲ್ಲಿ 10,000 ಕೋಟಿಯಿಂದ 40,000 ಕೋಟಿ ಧೂಳಿನ ಕಣಗಳು. ಸಂಖ್ಯೆಯಲ್ಲಿ ಇಷ್ಟು ಅಂತರ ಯಾಕೆಂದರೆ ಪುಟ್ಟ, ಮಂದ ನಕ್ಷತ್ರಗಳೇ ಹೆಚ್ಚು, ಅವನ್ನು ದೂರದಿಂದ ಎಣಿಸಲು ಆಗುವುದಿಲ್ಲ.

## ನೋಡಲು ಹೊರಟವರಿಗೆ

ನಮ್ಮ ಮಹಡಿ ಮೇಲಿಂದ ಯಾಕೆ ಕಾಣಲ್ಲ? ಅಜ್ಜ ದಿನಾ ನೋಡ್ತಿದ್ದರಂತೆ.

ಅಜ್ಜ ಹೇಳಿದ್ದು ನಿಜ. ಆಕಾಶಗಂಗೆ ಎಲ್ಲೂ ಹೋಗಿಲ್ಲ, ಬೀದಿದೀಪಗಳು ಬಂದಿವೆ. ದೀಪದ ಬೆಳಕು ಗಾಳಿಯಲ್ಲಿನ ಧೂಳು, ತೇವಗಳಿಗೆ ತಾಗಿ ಚದುರಿ ಇಡೀ ಆಕಾಶಕ್ಕೆ ಬೂದು ಬಳಿದುಬಿಡುತ್ತದೆ. ಆಕಾಶಗಂಗೆಯ ಬೆಳಕು ಹರಡಿಕೊಂಡ ಬೆಳಕು. ಹೊಳಪಿನ ನಕ್ಷತ್ರಗಳು ಈ ಬೂದಿನ ನಡುವೆಯೂ ತಲೆಯೆತ್ತಿಯಾವು, ಪಟ್ಟಿ ಮೊದಲು ಮುಳುಗುತ್ತದೆ. ಜಗತ್ತಿನ ಜನರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರಿಗೆ ತಾವಿರುವಲ್ಲಿಂದ ಅದು ಕಾಣುವುದೇ ಇಲ್ಲ ಎಂದು 2016ರಲ್ಲಿ ಪ್ರಕಟವಾದ ಬೆಳಕಿನ ಮಾಲಿನ್ಯದ ನಕ್ಷೆ ತೋರಿಸಿತು.

1994ರ ಜನವರಿಯಲ್ಲಿ ಲಾಸ್ ಏಂಜಲೀಸ್ ಬಳಿ ಭೂಕಂಪವಾಗಿ ನಸುಕಿನಲ್ಲಿ ನಗರದ ದೀಪಗಳು ಹೋದವು. ಹೊರಗೆ ಓಡಿಬಂದ ಜನ ತಲೆಯೆತ್ತಿ ನೋಡಿ, ಆಕಾಶ ಯಾಕೆ ಹೀಗೆ ವಿಚಿತ್ರವಾಗಿದೆ ಎಂದು ಅಲ್ಲಿನ ಗ್ರಿಫಿತ್ ವೀಕ್ಷಣಾಲಯಕ್ಕೆ ಫೋನು ಮಾಡಿದ್ದರು. ಅವರು ಕಂಡದ್ದು ದೀಪವಿಲ್ಲದ ಮಾಮೂಲಿ ಆಕಾಶ.

ಯಾವ ತಿಂಗಳಲ್ಲಿ, ಎಷ್ಟು ಗಂಟೆಗೆ ನೋಡಬೇಕು?

ಗೆಲಾಕ್ಸಿಯ ನಡುಭಾಗ, ಅಂದರೆ ಅತಿ ಹೊಳಪಿನ ಭಾಗ, ಧನು ರಾಶಿಯ ದಿಕ್ಕಿಗಿದೆ. ಡಿಸೆಂಬರ್ ಕೊನೆಗೆ ಸೂರ್ಯನೂ ಅದೇ ದಿಕ್ಕಿನಲ್ಲಿರುವುದರಿಂದ ಆಗ ಅದು ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ. ಉಳಿದದ್ದನ್ನು ಇಷ್ಟರಿಂದಲೇ ಲೆಕ್ಕ ಹಾಕಬಹುದು: ಮಾರ್ಚ್, ಏಪ್ರಿಲ್‌ನಲ್ಲಿ ಬೆಳಗಿನ ಜಾವ, ಜೂನ್ ಕೊನೆ, ಜುಲೈ ಹೊತ್ತಿಗೆ ನಡುರಾತ್ರಿ, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕತ್ತಲಾದ ಕೂಡಲೇ. ದಕ್ಷಿಣ ಗೋಳಾರ್ಧದವರಿಗೆ ಅದು ನೆತ್ತಿಯ ಮೇಲೇ ಬರುತ್ತದೆ, ಸಮಭಾಜಕದಿಂದ ಉತ್ತರಕ್ಕೆ ಹೋದಷ್ಟೂ ದಕ್ಷಿಣದ ಕಡೆಗೆ ಇಳಿಯುತ್ತದೆ.

ಡಿಸೆಂಬರ್, ಜನವರಿಯ ರಾತ್ರಿಗಳಲ್ಲೂ ಆಕಾಶಗಂಗೆ ಇರುತ್ತದೆ. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಪಕ್ಕದಿಂದ ಮಿಥುನ, ವಿಜಯಸಾರಥಿ ಪುಂಜಗಳ ಮೂಲಕ ಹಾಯುವ ಆ ಭಾಗ ನಡುವಿಗೆ ಬೆನ್ನು ಹಾಕಿದ ದಿಕ್ಕು, ಹೊರ ಅಂಚಿನತ್ತ ನೋಟ. ಹಾಗಾಗಿ ಪೇಲವ. ಬಹಳ ಜನ ಇದನ್ನು ನೋಡಿ ನಿರಾಶರಾಗಿ ಇನ್ನೆಂದೂ ಹೊರಗೆ ಬರುವುದಿಲ್ಲ, ಬೇಸರವೆನಿಸುತ್ತದೆ.

ಅಮಾವಾಸ್ಯೆಯ ಆಚೀಚೆ ನಾಲ್ಕೈದು ದಿನ ಆರಿಸಿಕೊಳ್ಳಿ. ಕತ್ತಲಲ್ಲಿ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಡುವೆ ಒಮ್ಮೆ ಫೋನು ತೆರೆದರೂ ಮೊದಲಿಂದ ಕಾಯಬೇಕು.

ನಾನು ನೋಡಿದ್ದು ಮೋಡವೋ ಆಕಾಶಗಂಗೆಯೋ, ಗೊತ್ತಾಗೋದು ಹೇಗೆ?

ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಮೋಡ ಆಕಾರ ಬದಲಿಸಿರುತ್ತದೆ; ಆಕಾಶಗಂಗೆ ತನ್ನ ನಕ್ಷತ್ರಗಳ ಜೊತೆಗೇ ಪಶ್ಚಿಮಕ್ಕೆ ಸರಿದಿರುತ್ತದೆ. ಇನ್ನೊಂದು ಗುಟ್ಟಿದೆ. ಊರಿನ ಬೆಳಕಿರುವಲ್ಲಿ ಮೋಡ ಬೆಳ್ಳಗೆ ಕಾಣುತ್ತದೆ, ನಿಜವಾದ ಕತ್ತಲಲ್ಲಿ ಮೋಡ ಕಪ್ಪು, ನಕ್ಷತ್ರಗಳನ್ನು ನುಂಗುವ ತೂತಿನಂತೆ. ಬೆಳ್ಳಗಿನ ಮೋಡಗಳ ಊರಿನಲ್ಲಿ ನಿಂತು ಆಕಾಶಗಂಗೆ ಕಂಡಿತು ಎಂದರೆ ನನಗೆ ಅನುಮಾನವೇ.

ಗುರುತು ಬೇಕಿದ್ದರೆ, ವೃಶ್ಚಿಕದ ಕೊಂಡಿಯ ಪಕ್ಕದಲ್ಲಿ ಧನು ರಾಶಿಯ ನಕ್ಷತ್ರಗಳು ಮೂತಿಯಿರುವ ಚಹಾ ಪಾತ್ರೆಯ ಆಕಾರದಲ್ಲಿವೆ. ಮೂತಿಯಿಂದ ಹಬೆ ಎದ್ದಂತೆ ಕಾಣುವ ಜಾಗವೇ ಪಟ್ಟಿಯ ಅತಿ ದಟ್ಟ ಭಾಗ. ಅಲ್ಲಿಂದ ಉತ್ತರಕ್ಕೆ ಗರುಡ, ರಾಜಹಂಸ ಪುಂಜಗಳನ್ನು ಹಾದು ಕುಂತಿ ಪುಂಜದವರೆಗೆ ಕಣ್ಣು ಜಾರಿಸಿಕೊಂಡು ಹೋಗಬಹುದು.

ಫೋಟೋದಲ್ಲಿ ನೇರಳೆ, ಕೆಂಪು ಎಲ್ಲಾ ಇರುತ್ತೆ. ನಂಗೆ ಬೂದು ಬಿಟ್ರೆ ಏನೂ ಕಾಣಲಿಲ್ಲ. ಫೋಟೋ ಸುಳ್ಳಾ?

ಪೂರ್ತಿ ಸುಳ್ಳಲ್ಲ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿನಲ್ಲಿ ಕೆಲಸ ಮಾಡುವ ಕೋಶಗಳಿಗೆ ಬಣ್ಣ ತಿಳಿಯದು. ಜೊತೆಗೆ ಕಣ್ಣು ಬೆಳಕನ್ನು ಕೂಡಿಡಲಾರದು. ಕ್ಯಾಮೆರಾ ಇಪ್ಪತ್ತು ಸೆಕೆಂಡು ತೆರೆದಿದ್ದು ಅಷ್ಟೂ ಹೊತ್ತಿನ ಬೆಳಕನ್ನು ಒಂದೇ ಚಿತ್ರಕ್ಕೆ ತುಂಬುತ್ತದೆ. ಹೈಡ್ರೋಜನ್ ಅನಿಲದ ಮೋಡಗಳ ಕೆಂಪು, ನಡುಭಾಗದ ಹಳೆಯ ನಕ್ಷತ್ರಗಳ ಹಳದಿ ನಿಜವಾಗಿಯೂ ಅಲ್ಲಿವೆ. ಗಾಢ ನೇರಳೆ ಬಹುಮಟ್ಟಿಗೆ ಫೋಟೋ ತೆಗೆದವರ ಉದಾರತೆ.

ನಡುವೆ ಕಪ್ಪಗೆ ಸೀಳಿದಂತಿದೆಯಲ್ಲ, ಅಲ್ಲಿ ನಕ್ಷತ್ರಗಳೇ ಇಲ್ವಾ?

ಇವೆ, ಬೇಕಾದಷ್ಟಿವೆ. ರಾಜಹಂಸದಿಂದ ಧನುವಿನ ಕಡೆಗೆ ಪಟ್ಟಿಯನ್ನು ಎರಡಾಗಿ ಸೀಳುವ ಆ ಕಪ್ಪು ಜಾಗ ಖಾಲಿಯಲ್ಲ, ಅದು ಧೂಳು ಬೆರೆತ ಅನಿಲದ ಮೋಡಗಳ ಸಾಲು. ಕೆಲವು ನೂರರಿಂದ ಕೆಲವು ಸಾವಿರ ಜ್ಯೋತಿರ್ವರ್ಷ ದೂರದಲ್ಲಿ ಪರದೆಯಂತೆ ನಿಂತು ಹಿಂದಿನ ಬೆಳಕನ್ನು ತಡೆಯುತ್ತಿದೆ. ದಕ್ಷಿಣದಲ್ಲಿ ತ್ರಿಶಂಕು ಪುಂಜದ ಪಕ್ಕದ ಕಪ್ಪು ತೇಪೆಯೂ ಇಂಥದ್ದೇ. ಮುಂದಿನ ಸೂರ್ಯರು ಹುಟ್ಟುವುದು ಇಂಥ ಕಪ್ಪಿನಲ್ಲೇ.

ಗೆಲಾಕ್ಸಿಯ ನಡುವಿನಿಂದ ನಮ್ಮತ್ತ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ, ಈ ಧೂಳನ್ನೆಲ್ಲ ದಾಟಿ ತಲುಪುವುದು ಸರಿಸುಮಾರು ಲಕ್ಷ ಕೋಟಿ ಕಣಗಳಿಗೆ ಒಂದು. ಧನುವಿನ ಆ 'ಹಬೆ'ಯನ್ನು ನೋಡಿ ನಡುವನ್ನೇ ಕಂಡೆ ಎಂದುಕೊಳ್ಳುವವರಿಗೆ ಈ ಮಾತು ಹೇಳಲೇಬೇಕಾಗುತ್ತದೆ: ಕಂಡದ್ದು ಬಾಗಿಲ ಪರದೆಯ ಈಚಿನದು.

ದೂರದರ್ಶಕ ಬೇಕಾ?

ಬೇಡ. ದೂರದರ್ಶಕ ಆಕಾಶದ ಒಂದು ಚೂರನ್ನು ತೋರಿಸುತ್ತದೆ, ಪಟ್ಟಿಯನ್ನು ನೋಡಲು ಬರಿಗಣ್ಣೇ ಸರಿ. ಅಂಗೈ ಅಗಲದ ಸಾಧಾರಣ ಬೈನಾಕ್ಯುಲರ್ ಇದ್ದರೆ ಅದೇ ಹಬೆ ನಕ್ಷತ್ರಗಳಾಗಿ ಒಡೆಯುವುದನ್ನು, ನಡುನಡುವೆ ಗುಚ್ಛಗಳನ್ನು ನೋಡಬಹುದು.

ಫೋನಿನಲ್ಲಿ ಫೋಟೋ ತೆಗೀಬಹುದಾ?

ಈಗಿನ ಹಲವು ಫೋನುಗಳಲ್ಲಿ ಆಗುತ್ತದೆ, ಅಲುಗಾಡದ ಸ್ಟ್ಯಾಂಡ್ ಇದ್ದರೆ. ಬಿಡಿ ಕ್ಯಾಮೆರಾ ಇದ್ದವರಿಗೆ ಹಳೆಯ ಸೂತ್ರವೊಂದಿದೆ: 500ನ್ನು ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿದರೆ ಎಷ್ಟು ಸೆಕೆಂಡು ತೆರೆದಿಡಬಹುದು ಎಂದು ಸಿಗುತ್ತದೆ. 20 ಮಿಲಿಮೀಟರಿಗೆ 25 ಸೆಕೆಂಡು. ಅದಕ್ಕಿಂತ ಹೆಚ್ಚಿದರೆ ಭೂಮಿ ತಿರುಗುವುದರಿಂದ ಚುಕ್ಕೆಗಳು ಗೆರೆಯಾಗುತ್ತವೆ.

## ಒಳಗಿದ್ದೇ ಅಳೆದದ್ದು

ಹೊರಗೆ ಹೋಗಿ ಯಾರೂ ಫೋಟೋ ತೆಗೆದಿಲ್ಲ. ಹಾಗಾದ್ರೆ ಆ ಸುರುಳಿ ಚಿತ್ರ ಎಲ್ಲಿಂದ ಬಂತು?

ಅದು ಕಲಾವಿದರು ಬಿಡಿಸಿದ್ದು, ಇಲ್ಲವೇ ಬೇರೊಂದು ಗೆಲಾಕ್ಸಿಯ ಫೋಟೋ. ನಮ್ಮದನ್ನು ಹೊರಗಿನಿಂದ ತೆಗೆದ ಚಿತ್ರ ಒಂದೂ ಇಲ್ಲ. 1977ರಲ್ಲಿ ಹೊರಟ ವಾಯೇಜರ್ 1 ನೌಕೆ, ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ವೇಗದಲ್ಲಿ ಅರ್ಧ ಶತಮಾನದ ಹತ್ತಿರ ಓಡಿ ದಾಟಿರುವುದು ಬೆಳಕಿನ ಒಂದು ದಿನದಷ್ಟು ದೂರ.

ಆದರೆ ಬಿಡಿಸಿದ್ದು ಕಲ್ಪನೆಯಿಂದಲ್ಲ. ಹೈಡ್ರೋಜನ್ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಹೊಮ್ಮಿಸಬೇಕೆಂದು ಡಚ್ ವಿಜ್ಞಾನಿ ಹೆಂಡ್ರಿಕ್ ವಾನ್ ಡಿ ಹುಲ್ಸ್ಟ್ 1944ರಲ್ಲಿ ಲೆಕ್ಕ ಹಾಕಿದರು. 1951ರಲ್ಲಿ ಅದು ಸಿಕ್ಕಿತು. ಈ ಅಲೆಗೆ ಧೂಳು ಅಡ್ಡಿಯಲ್ಲ. ಅನಿಲ ಎಲ್ಲಿ ದಟ್ಟವಾಗಿದೆ, ಯಾವ ವೇಗದಲ್ಲಿ ಸರಿಯುತ್ತಿದೆ ಎಂಬುದರಿಂದ ಸುರುಳಿ ತೋಳುಗಳ ಹೊರಗೆರೆ ಮೂಡಿತು. 2013ರ ಕೊನೆಗೆ ಹಾರಿ 2025ರ ಜನವರಿಯವರೆಗೆ ಕೆಲಸ ಮಾಡಿದ ಗಾಯಾ ಉಪಗ್ರಹ 180 ಕೋಟಿಯಷ್ಟು ನಕ್ಷತ್ರಗಳ ಜಾಗ ಗುರುತಿಸಿದೆ. ನಡುವೆ ಉದ್ದನೆಯ ಪಟ್ಟೆಯಾಗಿ ಸೇರಿದ ನಕ್ಷತ್ರಗಳು, ಅದರಾಚೆ ತೋಳುಗಳು, ಅಂಚಿನಲ್ಲಿ ತುಸು ಬಾಗಿದ ತಟ್ಟೆ: ಇಷ್ಟು ಗಟ್ಟಿ. ನಡುವಿನ ಆಚೆ ಬದಿಯ ಬಹುಭಾಗ ಇನ್ನೂ ಅಂದಾಜೇ.

ಸೂರ್ಯ ಮಧ್ಯದಲ್ಲಿಲ್ಲ ಅಂತ ಕಂಡುಹಿಡಿದಿದ್ದು ಯಾರು, ಹೇಗೆ?

ಈ ಕಥೆ ನನಗೆ ಬಲು ಇಷ್ಟ, ಸ್ವಲ್ಪ ಉದ್ದ ಹೇಳುತ್ತೇನೆ.

ವಿಲಿಯಂ ಹರ್ಷೆಲ್ ಆಕಾಶದ ನೂರಾರು ಕಡೆ ದೂರದರ್ಶಕ ತಿರುಗಿಸಿ, ಪ್ರತಿ ಕಡೆಯೂ ಎಷ್ಟು ನಕ್ಷತ್ರ ಎಂದು ಎಣಿಸಿ 1785ರಲ್ಲಿ ನಕ್ಷೆ ಬರೆದರು. ಅದರಲ್ಲಿ ಸೂರ್ಯ ಹೆಚ್ಚುಕಡಿಮೆ ನಡುವಿನಲ್ಲಿದ್ದ. ಎಣಿಕೆ ತಪ್ಪಿರಲಿಲ್ಲ, ಧೂಳಿನ ವಿಷಯ ಅವರಿಗೆ ಗೊತ್ತಿರಲಿಲ್ಲ. ಮಂಜಿನಲ್ಲಿ ನಿಂತವರಿಗೆ ಎಲ್ಲ ದಿಕ್ಕಿಗೂ ಒಂದೇ ದೂರ ಕಾಣುತ್ತದೆ, ಪ್ರತಿಯೊಬ್ಬರೂ ನಡುವಿನಲ್ಲೇ ಇರುತ್ತಾರೆ! ಇಪ್ಪತ್ತನೇ ಶತಮಾನದ ಆರಂಭದಲ್ಲೂ ಇದೇ ತಪ್ಪು ಮುಂದುವರಿಯಿತು.

ದಾರಿ ತೋರಿದ್ದು ಹೆನ್ರಿಯೆಟಾ ಲೆವಿಟ್. ಹೊಳಪು ಏರಿಳಿಯುವ ಸಿಫಿಯಿಡ್ ಎಂಬ ನಕ್ಷತ್ರಗಳು ಎಷ್ಟು ದಿನಕ್ಕೊಮ್ಮೆ ಏರಿಳಿಯುತ್ತವೆ ಎಂಬುದಕ್ಕೂ ಅವುಗಳ ನಿಜವಾದ ಹೊಳಪಿಗೂ ನಂಟಿದೆ ಎಂದು 1912ರಲ್ಲಿ ಅವರು ತೋರಿಸಿದರು. ನಿಜ ಹೊಳಪು ಗೊತ್ತು, ಕಾಣುವ ಹೊಳಪು ಗೊತ್ತು, ಅಲ್ಲಿಗೆ ದೂರವೂ ಗೊತ್ತು. ಇದೇ ಅಳತೆಗೋಲು ಹಿಡಿದು ಹಾರ್ಲೊ ಶಾಪ್ಲಿ ಗೋಳಗುಚ್ಛಗಳ ದೂರ ಲೆಕ್ಕ ಹಾಕಿದರು. ಇವು ಲಕ್ಷಾಂತರ ನಕ್ಷತ್ರಗಳ ಉಂಡೆಗಳು. ಧೂಳಿನ ಪದರದಿಂದ ಮೇಲಕ್ಕೂ ಕೆಳಕ್ಕೂ ಹರಡಿರುವುದರಿಂದ ಮರೆಯಾಗುವುದಿಲ್ಲ. ಅವು ನಮ್ಮ ಸುತ್ತ ಸಮನಾಗಿ ಇರಲಿಲ್ಲ, ಧನುವಿನ ಕಡೆಗೆ ಕಿಕ್ಕಿರಿದಿದ್ದವು. ಗುಂಪು ಯಾವುದರ ಸುತ್ತ ನಿಂತಿದೆಯೋ ಅದೇ ನಡು ಎಂದರು ಶಾಪ್ಲಿ, 1918ರಲ್ಲಿ.

ದಿಕ್ಕು ಸರಿಯಾಗಿತ್ತು, ದೂರ ನಿಜಕ್ಕಿಂತ ಎರಡು ಪಟ್ಟಿಗೂ ಮೇಲಾಗಿತ್ತು. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ಧೂಳು ಬೆಳಕನ್ನು ಎಷ್ಟು ಕುಂದಿಸುತ್ತದೆ ಎಂದು ತೋರಿಸಿದ ಮೇಲೆ ಲೆಕ್ಕಗಳು ಹದಕ್ಕೆ ಬಂದವು. ಈಗ ಅಂಗೀಕೃತವಾದ ಅಳತೆ ಸುಮಾರು 26,700 ಜ್ಯೋತಿರ್ವರ್ಷ. ತಮಾಷೆಯೆಂದರೆ, ನಮ್ಮನ್ನು ನಡುವಿನಿಂದ ಎಬ್ಬಿಸಿ ಕಳಿಸಿದ ಇದೇ ಶಾಪ್ಲಿ, ನಮ್ಮದರಾಚೆ ಬೇರೆ ಗೆಲಾಕ್ಸಿಗಳಿವೆ ಎಂಬುದನ್ನು 1920ರ ಪ್ರಸಿದ್ಧ ಚರ್ಚೆಯಲ್ಲಿ ಒಪ್ಪಲಿಲ್ಲ. ಎಡ್ವಿನ್ ಹಬಲ್ ದೇವಯಾನಿ (ಆಂಡ್ರೊಮಿಡಾ) ಗೆಲಾಕ್ಸಿಯಲ್ಲಿ ಸಿಫಿಯಿಡ್ ಹಿಡಿದು, ಅದು ನಮ್ಮದರಾಚೆ ಇದೆಯೆಂದು ತೋರಿಸಿದ ಮೇಲೆ ಒಪ್ಪಬೇಕಾಯಿತು.

ಸೂರ್ಯನೂ ಸುತ್ತುತ್ತಾನೆ ಅಂತೀರಿ. ಹಾಗಾದ್ರೆ ನಕ್ಷತ್ರಪುಂಜಗಳು ಸಾವಿರಾರು ವರ್ಷದಿಂದ ಹಾಗೇ ಇರೋದು ಹೇಗೆ?

ಅಕ್ಕಪಕ್ಕದವರೂ ಜೊತೆಗೇ ಓಡುತ್ತಿದ್ದಾರೆ. ಸೂರ್ಯನ ವೇಗ ಸೆಕೆಂಡಿಗೆ 220ರಿಂದ 240 ಕಿಲೋಮೀಟರ್, ಆದರೂ ಒಂದು ಸುತ್ತಿಗೆ 22ರಿಂದ 25 ಕೋಟಿ ವರ್ಷ ಬೇಕು. ಹುಟ್ಟಿದ ಮೇಲೆ ಮುಗಿಸಿರುವುದು ಇಪ್ಪತ್ತರ ಆಸುಪಾಸು ಸುತ್ತು. ಹಿಂದಿನ ಸುತ್ತು ಶುರುವಾದಾಗ ಭೂಮಿಯ ಮೇಲೆ ಡೈನೋಸಾರ್‌ಗಳು ಆಗಷ್ಟೇ ಕಾಲೂರುತ್ತಿದ್ದವು. ನೆರೆಯವರ ನಡುವೆ ಚೂರುಪಾರು ವ್ಯತ್ಯಾಸವಿದೆ. ಎಲ್ಲಕ್ಕಿಂತ ಬೇಗ ಸರಿಯುವ ಬರ್ನಾರ್ಡ್ ನಕ್ಷತ್ರಕ್ಕೂ ಹುಣ್ಣಿಮೆ ಚಂದ್ರನಷ್ಟು ಅಗಲ ದಾಟಲು 180 ವರ್ಷ ಬೇಕು.

## ಇನ್ನೂ ಆಳಕ್ಕೆ

ಮಧ್ಯದಲ್ಲಿರೋ ಕಪ್ಪುಕುಳಿ ಒಂದಿನ ನಮ್ಮನ್ನೆಲ್ಲ ಎಳ್ಕೊಳ್ಳುತ್ತಾ?

ಇಲ್ಲ. ಅದರ ತೂಕ ಸುಮಾರು 43 ಲಕ್ಷ ಸೂರ್ಯರಷ್ಟು; ಕೇಳಲು ಭಯವಾದರೂ ಗೆಲಾಕ್ಸಿಯ ನಕ್ಷತ್ರಗಳ ಒಟ್ಟು ತೂಕದಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲೂ ಅಲ್ಲ. ಕಪ್ಪುಕುಳಿ ಹೀರುಗೊಳವೆಯಲ್ಲ, ದೂರದಿಂದ ಅದರ ಸೆಳೆತ ಅಷ್ಟೇ ತೂಕದ ಬೇರೆ ಯಾವುದರ ಸೆಳೆತದಂತೆಯೇ. ಎಸ್2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಅದನ್ನು ಹತ್ತಿರದಿಂದಲೇ ಸುತ್ತಿ ಸುರಕ್ಷಿತವಾಗಿ ಹೊರಬರುತ್ತಿದೆ. ಇಂಥ ನಕ್ಷತ್ರಗಳನ್ನು ದಶಕಗಳ ಕಾಲ ಹಿಂಬಾಲಿಸಿ ತೂಕ ಅಳೆದ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್ ಹಂಚಿಕೊಂಡರು. ಅದರ ನೆರಳಿನ ಚಿತ್ರ ಹೊರಬಂದದ್ದು 2022ರ ಮೇ ತಿಂಗಳಲ್ಲಿ.

ಸುರುಳಿ ತೋಳುಗಳು ಸುತ್ತಿ ಸುತ್ತಿ ದಾರದುಂಡೆ ಆಗಬೇಕಿತ್ತಲ್ಲ?

ಒಳ್ಳೆಯ ಪ್ರಶ್ನೆ, ವಿಜ್ಞಾನಿಗಳನ್ನೂ ಬಹುಕಾಲ ಕಾಡಿದ್ದು. ಒಳಗಿನ ನಕ್ಷತ್ರಗಳು ಸುತ್ತನ್ನು ಬೇಗ ಮುಗಿಸುತ್ತವೆ, ಹೊರಗಿನವು ನಿಧಾನ. ತೋಳುಗಳು ಕಟ್ಟಿಹಾಕಿದ ವಸ್ತುವಾಗಿದ್ದರೆ ನೀವು ಹೇಳಿದಂತೆಯೇ ಆಗುತ್ತಿತ್ತು. ಅವು ದಟ್ಟಣೆಯ ಅಲೆಗಳು ಎಂಬುದು ಪ್ರಬಲವಾದ ವಿವರಣೆ. ರಸ್ತೆಯಲ್ಲಿ ವಾಹನಗಳು ಒತ್ತಾಗುವ ಜಾಗ ಅಲ್ಲೇ ಇರುತ್ತದೆ, ವಾಹನಗಳು ಮಾತ್ರ ಒಳಬಂದು ಹೊರಹೋಗುತ್ತಿರುತ್ತವೆ. ತೋಳಿನಲ್ಲಿ ಅನಿಲ ಒತ್ತಿ ಹೊಸ ನಕ್ಷತ್ರ ಹುಟ್ಟುವುದರಿಂದ ಅದು ಹೆಚ್ಚು ಹೊಳೆಯುತ್ತದೆ. ನಾವೀಗ ಮಹಾವ್ಯಾಧ ತೋಳು ಎಂಬ ಕವಲಿನಲ್ಲಿದ್ದೇವೆ.

ಕಾಣದ ದ್ರವ್ಯ ಇದೆ ಅಂತ ನಂಬೋದು ಯಾಕೆ?

ಹೊರ ಅಂಚಿನ ನಕ್ಷತ್ರಗಳು ಓಡಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿವೆ. ನಡುವಿನಿಂದ ದೂರ ಹೋದಷ್ಟೂ ವೇಗ ಇಳಿಯಬೇಕು, ಸೌರವ್ಯೂಹದಲ್ಲಿ ನೆಪ್ಚೂನ್ ಬುಧನಿಗಿಂತ ನಿಧಾನವಾಗಿರುವಂತೆ. 1970ರ ದಶಕದಲ್ಲಿ ವೀರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಅಳೆದ ಗೆಲಾಕ್ಸಿಗಳಲ್ಲಿ ಹಾಗಾಗಲಿಲ್ಲ. ಕಾಣುವ ನಕ್ಷತ್ರ, ಅನಿಲಗಳ ಸೆಳೆತವಷ್ಟೇ ಇದ್ದರೆ ಅಂಚಿನವು ಎಂದೋ ಚದುರಿಹೋಗಬೇಕಿತ್ತು. ಹೋಗಿಲ್ಲ, ಅಂದರೆ ಕಣ್ಣಿಗೆ ಕಾಣದ ಯಾವುದೋ ದ್ರವ್ಯದ ಸೆಳೆತ ಅವನ್ನು ಹಿಡಿದಿಟ್ಟಿದೆ. ಆ ದ್ರವ್ಯ ಯಾವುದರಿಂದ ಆಗಿದೆಯೆಂದು ಇನ್ನೂ ಯಾರೂ ಹಿಡಿದು ತೋರಿಸಿಲ್ಲ.

ದೇವಯಾನಿ ಗೆಲಾಕ್ಸಿ ಬಂದು ಡಿಕ್ಕಿ ಹೊಡೆಯೋದು ಖಚಿತಾನಾ?

ಮೊದಲು ಖಚಿತ ಎನ್ನುತ್ತಿದ್ದರು. 25 ಲಕ್ಷ ಜ್ಯೋತಿರ್ವರ್ಷ ದೂರದ ಅದು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. 400 ಕೋಟಿ ವರ್ಷಗಳಲ್ಲಿ ಡಿಕ್ಕಿ ಎಂದು 2012ರಲ್ಲಿ ಹಬಲ್ ದೂರದರ್ಶಕದ ಅಳತೆಗಳಿಂದ ಲೆಕ್ಕವಾಗಿತ್ತು. ನೆರೆಯ ಸಣ್ಣ ಗೆಲಾಕ್ಸಿಗಳ ಸೆಳೆತವನ್ನೂ ಸೇರಿಸಿದ 2025ರ ಅಧ್ಯಯನದಂತೆ, ಮುಂದಿನ 1,000 ಕೋಟಿ ವರ್ಷಗಳಲ್ಲಿ ಅದು ಆಗುವ ಸಂಭವ ಅರ್ಧಕ್ಕರ್ಧ ಮಾತ್ರ. ಆದರೂ ನಕ್ಷತ್ರಕ್ಕೆ ನಕ್ಷತ್ರ ಬಡಿಯುವುದು ಅಪರೂಪ: 268 ಮೀಟರಿಗೆ ಒಂದು ಧೂಳಿನ ಕಣ ಇರುವ ಎರಡು ಗುಂಪುಗಳು ಒಂದರೊಳಗೊಂದು ಹಾದುಹೋದಂತೆ.

ನಮ್ಮ ಆಕಾಶಗಂಗೆಯಲ್ಲಿ ನಕ್ಷತ್ರ ಸ್ಫೋಟಿಸೋದು ನಮ್ಮ ಕಾಲದಲ್ಲಿ ಕಾಣಬಹುದಾ?

ಕಾಣಬಹುದು. ಶತಮಾನಕ್ಕೆ ಒಂದೆರಡು ಸೂಪರ್‌ನೋವಾ ಆಗುತ್ತವೆಂಬ ಅಂದಾಜಿದೆ, ಆದರೆ ನಮ್ಮ ಗೆಲಾಕ್ಸಿಯಲ್ಲಿ ಜನ ಕಣ್ಣಾರೆ ಕಂಡು ಎಲ್ಲೆಡೆ ಸುದ್ದಿಯಾದ ಕೊನೆಯದು 1604ರದು, ಕೆಪ್ಲರ್ ಬರೆದಿಟ್ಟದ್ದು. ನಡುವಿನ ದಿಕ್ಕಿನಲ್ಲಿ ಒಂದು ಸ್ಫೋಟದ ಬೆಳಕು ಇಲ್ಲಿಗೆ ಬಂದು ಹೆಚ್ಚುಕಡಿಮೆ ಒಂದೂಕಾಲು ಶತಮಾನವಾಗಿದೆ, ಯಾರೂ ನೋಡಲಿಲ್ಲ. ನಡುವಿನ ಧೂಳು ಮುಚ್ಚಿಬಿಟ್ಟಿತ್ತು. ಅದರ ಅವಶೇಷ ಎಷ್ಟು ಹೊಸದು ಎಂದು ರೇಡಿಯೊ ಮತ್ತು ಎಕ್ಸ್-ಕಿರಣಗಳಿಂದ ತಿಳಿದದ್ದು 2008ರಲ್ಲಿ.

ಮುಂದಿನದು ಹಾಗೆ ತಪ್ಪಿಸಿಕೊಳ್ಳಲಾರದು. ಸ್ಫೋಟಿಸುವ ದೊಡ್ಡ ನಕ್ಷತ್ರ ಮೊದಲು ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳನ್ನು ಚೆಲ್ಲುತ್ತದೆ. ಧೂಳು ಅವುಗಳಿಗೆ ಲೆಕ್ಕಕ್ಕಿಲ್ಲ. 1987ರಲ್ಲಿ ಪಕ್ಕದ ಪುಟ್ಟ ಗೆಲಾಕ್ಸಿಯಲ್ಲಿ ನಕ್ಷತ್ರ ಸಿಡಿದಾಗ ಬೆಳಕಿಗಿಂತ ಕೆಲವು ಗಂಟೆ ಮೊದಲೇ ಎರಡು ಡಜನ್‌ನಷ್ಟು ನ್ಯೂಟ್ರಿನೊಗಳು ಸಿಕ್ಕಿದ್ದವು. 2023ರಲ್ಲಿ ದಕ್ಷಿಣ ಧ್ರುವದ ಹಿಮದಡಿಯ ಐಸ್‌ಕ್ಯೂಬ್ ಶೋಧಕ, ಬೆಳಕಿನ ಬದಲು ನ್ಯೂಟ್ರಿನೊಗಳಲ್ಲೇ ಆಕಾಶಗಂಗೆಯ ಪಟ್ಟಿಯನ್ನು ಚಿತ್ರಿಸಿತು. ಸ್ಫೋಟವಾದರೆ ಎಚ್ಚರಿಸಲು ಇಂಥ ಶೋಧಕಗಳ ಜಾಲ ಈಗಾಗಲೇ ಕಾದು ಕೂತಿದೆ. ಹಗಲಾಗಲಿ ಮೋಡವಾಗಲಿ, ಸುದ್ದಿ ಮೊದಲು ಬರುವುದು ಹಿಮದಡಿಯಿಂದ, ನೆಲದಡಿಯಿಂದ. ತಲೆಯೆತ್ತುವ ಕೆಲಸ ಆಮೇಲೆ.